ಹಲಗೆಯ ಇಳಿಜಾರು, ಹೊಲದ ಇಳಿಜಾರು

ಇಳಿಜಾರು ಸಮತಲ ಎಂದರೇನು ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ, ಅದೊಂದು ಸರಳ ಯಂತ್ರವೆಂದು ಥಟ್ಟನೆ ಒಪ್ಪಿಸುತ್ತಾರೆ. ನಿಮ್ಮ ಹೊಲ ಯಾವ ದಿಕ್ಕಿಗೆ ಇಳಿಜಾರಾಗಿದೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿಯೂ ನಮ್ಮ ಘಟ್ಟದ ಊರುಗಳಲ್ಲಿಯೂ ಈ ಎರಡು ಪ್ರಶ್ನೆಗಳನ್ನು ಕೇಳಿ ನೋಡಿದ್ದೇನೆ. ಎರಡೂ ಕಡೆ ದೊರೆತದ್ದು ಒಂದೇ ಉತ್ತರ, ಒಂದೇ ಮೌನ.

ಮಲೆನಾಡಿನ ಪತ್ರಿಕೆಗೆ ರಾಯಚೂರಿನ ಬಯಲಿನ ಮಾತೇಕೆ ಎಂದು ಓದುಗರು ಕೇಳಬಹುದು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಯ ಬಳಿ ಜಲಾಶಯ ಸೇರುತ್ತವೆ. ಅಲ್ಲಿಂದ ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಹೊರಟು, ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರುಣಿಸಿ ರಾಯಚೂರಿನ ಕಡೆಗೆ ಸಾಗುತ್ತದೆ. ಘಟ್ಟದ ನೀರನ್ನು ಅಷ್ಟು ದೂರ ಒಯ್ಯುವುದು ಇಳಿಜಾರು. ಆದರೆ ಇಳಿಜಾರು ನೀರೊಂದನ್ನೇ ಒಯ್ಯುವುದಿಲ್ಲ.

ಇದನ್ನು ಮಕ್ಕಳಿಗೆ ತಿಳಿಸಲು ಭಾಷಣ ಬೇಡ. ಒಂದು ಹಳೆಯ ಹಲಗೆ, ನಾಲ್ಕು ಇಟ್ಟಿಗೆ ಸಾಕು. ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲಿಟ್ಟು ಗೋಲಿ ಬಿಡಿ. ಕೆಳಗೆ ಗೋಣಿಚೀಲ ಹಾಸಿ, ಗೋಲಿ ಎಷ್ಟು ದೂರ ಹೋಯಿತೆಂದು ಗೇಣಿನಲ್ಲಿ ಅಳೆಯಿಸಿ. ಇಟ್ಟಿಗೆ ಎರಡಾದಾಗ ದೂರವೂ ಸುಮಾರು ಎರಡು ಪಟ್ಟಾಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಬಳಿಕ ಸಣ್ಣ ಗೋಲಿ, ದೊಡ್ಡ ಗೋಲಿ, ಒಂದು ಬಳೆ, ಮೂರನ್ನೂ ಒಟ್ಟಿಗೆ ಬಿಡಿ. ಯಾವುದು ಗೆಲ್ಲುತ್ತದೆಂದು ಬಿಡುವ ಮುನ್ನವೇ ಹೇಳಿಸಬೇಕು. ಭಾರವಾದದ್ದೇ ಮುಂದೆ ಎಂದು ಹೆಚ್ಚಿನವರು ಪಣ ಕಟ್ಟುತ್ತಾರೆ. ಗೋಲಿಗಳೆರಡೂ ಜೊತೆಜೊತೆಯಾಗಿ ತಲುಪುತ್ತವೆ. ಬಳೆ, ಎಷ್ಟೇ ಭಾರದ್ದಾಗಿರಲಿ, ಹಿಂದೆ ಬೀಳುತ್ತದೆ. ಅದರ ತೂಕವೆಲ್ಲ ಅಂಚಿನಲ್ಲಿರುವುದರಿಂದ ಉರುಳುವುದಕ್ಕೇ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಈ ಕಾರಣವನ್ನು ಮಾತ್ರ ಅವಸರದಿಂದ ಹೇಳಬಾರದು. ಎರಡು ದಿನ ಜಗಳವಾಡಲಿ.

ಕೈಗಡಿಯಾರವಿಲ್ಲವೆಂದು ಚಿಂತಿಸುವ ಶಿಕ್ಷಕರಿಗೊಂದು ಮಾತು. ಗೆಲಿಲಿಯೊ ಓರೆಯಾಗಿಟ್ಟ ತೊಲೆಯಲ್ಲಿ ಗುಂಡು ಉರುಳಿಸಿದಾಗ ಕಾಲ ಅಳೆದದ್ದು, ಪಾತ್ರೆಯ ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ. 1638ರ ತನ್ನ ಗ್ರಂಥದಲ್ಲಿ ಅವನೇ ಇದನ್ನು ವಿವರಿಸಿದ್ದಾನೆ. ನಮ್ಮ ದೇಶದಲ್ಲಿಯೇ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ 2002ರವರೆಗೆ ಹಳ್ಳಿಯ ಶಾಲೆಗಳು ಕೈಗೆ ಸಿಕ್ಕ ವಸ್ತುಗಳಿಂದಲೇ ವಿಜ್ಞಾನ ಕಲಿಸಿದವು. ಬೀಗ ಹಾಕಿದ ಕಪಾಟಿನಲ್ಲಿ ಧೂಳು ತಿನ್ನುವ ಉಪಕರಣಗಳಿಗಿಂತ ಅಂಗಳದ ಹಲಗೆ ಮೇಲು ಎಂಬುದು ನನ್ನ ಅಭಿಪ್ರಾಯ.

ಆಟದ ಮುಖ್ಯ ಭಾಗ ಇನ್ನು ಮುಂದಿದೆ. ಮೂರು ಹಳೆಯ ತಗಡಿನ ತಟ್ಟೆಗಳ ಒಂದೊಂದು ಅಂಚನ್ನು ಕತ್ತರಿಸಿ, ಹೊಲದ ಮಣ್ಣು ತುಂಬಿ, ಒಂದೇ ಓರೆಗೆ ನಿಲ್ಲಿಸಿ. ಕತ್ತರಿಸುವ ಕೆಲಸ ದೊಡ್ಡವರದು. ಮೊದಲನೆಯದರಲ್ಲಿ ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಸಾಲು ಎಳೆಯಿರಿ. ಎರಡನೆಯದರಲ್ಲಿ ಇಳಿಜಾರಿಗೆ ಅಡ್ಡಲಾಗಿ ಎಳೆಯಿರಿ. ಮೂರನೆಯದರ ಮೇಲೆ ಕಣಿಕೆಯ ಚೂರು ಹರಡಿ. ತೂತಿನ ಡಬ್ಬಿಯಿಂದ ಮೂರಕ್ಕೂ ಅಷ್ಟಷ್ಟೇ ನೀರು ಸುರಿದು, ಕೆಳಗಿಳಿದದ್ದನ್ನು ಗಾಜಿನ ಲೋಟಗಳಲ್ಲಿ ಹಿಡಿದು ಮರುದಿನದವರೆಗೆ ಬಿಡಿ. ತಳದಲ್ಲಿ ಎಷ್ಟು ಬೆರಳು ಮಣ್ಣು ನಿಂತಿದೆಯೆಂದು ಮಕ್ಕಳು ನೋಡಲಿ. ಮೊದಲ ಲೋಟವನ್ನು ಕಂಡ ಹುಡುಗಿ ಮನೆಗೆ ಹೋಗಿ, ನಮ್ಮ ಹೊಲದಲ್ಲಿ ಕೂರಿಗೆ ಯಾವ ಕಡೆಗೆ ಹೊಡೆಯುತ್ತೀರಿ ಎಂದು ತಂದೆಯನ್ನು ಕೇಳದಿರಲಾರಳು.

ಆ ಪ್ರಶ್ನೆಗೆ ತೂಕವಿದೆ. ಎರೆಭೂಮಿಯ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಎಷ್ಟೋ ಹೊಲಗಳಲ್ಲಿ ನೂರು ಅಡಿಗೆ ಒಂದೆರಡು ಅಡಿ ಮಾತ್ರ. ಆದರೆ ನೆನೆದ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಒಳಗಿಳಿಯುವುದು ಬಲು ನಿಧಾನ. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಬರಿದಾಗಿ ಬಿಟ್ಟ ಹೊಲದ ಮೇಲೆ ಆಗಸ್ಟ್, ಸೆಪ್ಟೆಂಬರಿನ ದೊಡ್ಡ ಮಳೆ ಸುರಿದರೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ನಾವೇನು ಕಡಿಮೆ? ಇಳಿಜಾರಿನುದ್ದಕ್ಕೂ ಮಡಿ ಮಾಡಿದ ಶುಂಠಿಯ ಗುಡ್ಡದಿಂದ ಜೂನ್ ತಿಂಗಳಲ್ಲಿ ಇಳಿಯುವ ನೀರಿನ ಬಣ್ಣವನ್ನು ಓದುಗರು ಬಲ್ಲರು.

1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವನ್ನು ಈಗ ಸುಮಾರು 105 ಟಿಎಂಸಿ ಎಂದು ಲೆಕ್ಕ ಹಾಕಲಾಗಿದೆ. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಅದೆಲ್ಲವೂ ಘಟ್ಟದ್ದೆನ್ನಲಾಗದು, ನಡುವೆ ಗಾಜನೂರು, ಲಕ್ಕವಳ್ಳಿಯ ಅಣೆಕಟ್ಟುಗಳಿವೆ, ಬಯಲುಸೀಮೆಯ ಹೊಲಗಳೂ ಗಣಿಗಳೂ ಇವೆ. ಆದರೆ ಅಷ್ಟೂ ಇಳಿಜಾರಿನಲ್ಲಿ ಇಳಿದು ಬಂದ ಮಣ್ಣು. 2024ರ ಆಗಸ್ಟಿನಲ್ಲಿ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಾಡೆಲ್ಲ ಗಾಬರಿಗೊಂಡಿತು. ಹೂಳಾಗಿ ಕಳೆದುಹೋದ 28 ಟಿಎಂಸಿಗೆ ಅಂಥ ಗಾಬರಿ ಎಂದೂ ಆಗಲಿಲ್ಲ. ಅದರ ಹೊರೆ ಬೀಳುವುದು ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗೆ ಕಾದು ಕುಳಿತ ರೈತನ ಮೇಲೆ.

ಆಟ ಆಡಿಸುವವರಿಗೆ ಎರಡು ಸೂಚನೆ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೇಸಿಗೆಯಾದರೆ ಬೆಳಗಿನ ಹೊತ್ತೇ ಮುಗಿಸಬೇಕು. ಕಾಲುವೆಯ ದಂಡೆ ಎಷ್ಟೇ ಒಳ್ಳೆಯ ಇಳಿಜಾರಾಗಿ ಕಂಡರೂ ಅಲ್ಲಿ ಆಟ ಕೂಡದು. ಮಸ್ಕಿಯವರಿಗೆ ಊರ ಗುಡ್ಡವಿದೆ. ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಪತ್ತೆಹಚ್ಚಿದ ಆ ನೆಲೆಯನ್ನು ನೋಡಲು ಹೋದಾಗ, ಬಂಡೆಯ ಮೇಲೆ ಬಿದ್ದ ಮಳೆನೀರು ಯಾವ ದಾರಿ ಹಿಡಿದು ಹೊಲಕ್ಕಿಳಿಯುತ್ತದೆಂಬುದನ್ನೂ ಮಕ್ಕಳಿಗೆ ತೋರಿಸಬಹುದು.

ಬರುವ ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಮೇಲೆ ಮಕ್ಕಳು ಹೊಲಕ್ಕೆ ಹೋಗಿ, ನೀರು ಯಾವ ಕಡೆಗೆ ಹೋಯಿತು, ಯಾವ ಬಣ್ಣದ್ದಿತ್ತು ಎಂದು ಬರೆದಿಡಲಿ. ಆ ಪುಟಗಳನ್ನು ನಮಗೆ ಕಳುಹಿಸಿ. ಘಟ್ಟದ ಶಾಲೆಯದನ್ನೂ ಲಿಂಗಸುಗೂರಿನ ಶಾಲೆಯದನ್ನೂ ಪಕ್ಕಪಕ್ಕದಲ್ಲಿಯೇ ಅಚ್ಚು ಹಾಕುತ್ತೇವೆ.