ಕೊಟ್ಟ ರಕ್ತಕ್ಕೆ ವಾರಸುದಾರರಿಲ್ಲವೇ?

ಎಚ್.ಡಿ. ಕೋಟೆಯ ಹಾಡಿಯಲ್ಲಿ ಜೇನುಕುರುಬರ ಹೆಂಗಸೊಬ್ಬಳು ಅರ್ಧ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತು ತೋಳು ಚಾಚುತ್ತಾಳೆ. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿಗೆ ರಕ್ತ ಇಳಿಯುತ್ತದೆ. ಮೈಯಲ್ಲಿ ರಕ್ತವೇ ಸಾಲದು ಎಂದು ಡಾಕ್ಟರಿಂದ ಹೇಳಿಸಿಕೊಂಡವಳು ಅವಳು. ಆದರೂ ಸಂಶೋಧನೆಗೆಂದು ಕೊಡುತ್ತಾಳೆ, ಮಕ್ಕಳ ಕಾಲಕ್ಕಾದರೂ ಒಳ್ಳೆಯದಾಗಲಿ ಎಂದು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ.

ಅಂಥ ರಕ್ತದ ಗತಿ ಏನಾಗುತ್ತದೆಂದು ಕಂಡಿದ್ದೇನೆ. ಸಂಶೋಧನೆ ಮುಗಿಸಿದ ಪ್ರಯೋಗಾಲಯವೊಂದರಲ್ಲಿ, ಮೈನಸ್ 80 ಡಿಗ್ರಿಯಲ್ಲಿರಬೇಕಾದ ಫ್ರೀಜರ್ ಬೆಚ್ಚಗೆ ನಿಂತಿತ್ತು. ಬಾಗಿಲ ರಬ್ಬರಿನಡಿಯಿಂದ ನೀರು ಒಸರಿ ನೆಲಕ್ಕೆ ಹರಿದಿತ್ತು. ರಟ್ಟಿನ ಪೆಟ್ಟಿಗೆಗಳು ನೆನೆದು ಮೆತ್ತಗಾಗಿದ್ದವು. ಟ್ಯೂಬಿನ ಚೀಟಿಗಳು ಕಿತ್ತುಬಂದು, ಪೆನ್ನಿನಲ್ಲಿ ಬರೆದ ನಂಬರುಗಳು ಕಲೆಸಿಹೋಗಿದ್ದವು. ಯಾರ ರಕ್ತ ಯಾವುದೆಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಕೇಳಿದರೆ ಒಂದೇ ಉತ್ತರ: "ಗ್ರ್ಯಾಂಟ್ ಮುಗೀತಲ್ಲ ಸಾರ್." ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿ ಆಸ್ಪತ್ರೆ ಕಸದ ಗಾಡಿಗೆ ಹಾಕಿದರು. ಕೊಟ್ಟವರಿಗೆ ಒಂದು ಮಾತು ಹೇಳುವ ಸೌಜನ್ಯವೂ ಇರಲಿಲ್ಲ.

ಇದೇನು ನಿಮ್ಮಪ್ಪನ ಮನೆ ಗಂಟೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ: ಮಾದರಿ ಕೊಟ್ಟವರದು, ಇಟ್ಟುಕೊಂಡ ಸಂಸ್ಥೆ ಬರೀ ಪಾಲಕ. ಅಡವಿಟ್ಟ ಒಡವೆ ಕಳೆದರೆ ಠಾಣೆಗೆ ಹೋಗುತ್ತೀರಿ. ಬಡವರ ರಕ್ತ ಕಳೆದರೆ ಕೇಳುವವರೇ ಇಲ್ಲ.

ಹೊಸ ರಕ್ತ ತೆಗೆದರಾಯಿತು ಎನ್ನುವವರೂ ಇದ್ದಾರೆ. ಆಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹಸಿ ತಂಬಾಕು ಎಲೆ ಮುರಿಯುವವರ ಚರ್ಮದಿಂದ ನಿಕೋಟಿನ್ ಮೈಗಿಳಿಯುತ್ತದೆ. ವಾಂತಿ, ತಲೆಸುತ್ತು ಅಲ್ಲಿ ಪ್ರತಿ ಸುಗ್ಗಿಯ ಪಾಡು. ಅವರ ಮೈಗೂ, ಕೆ.ಆರ್. ನಗರದ ಗದ್ದೆಗಳಲ್ಲಿ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಔಷಧಿ ಹೊಡೆಯುವವನ ಮೈಗೂ ಏನು ಸೇರಿದೆಯೆಂದು ತಿಳಿಯಬೇಕಾದರೆ, ಕಾಯಿಲೆ ಬೀಳುವ ಮುಂಚಿನ ರಕ್ತ ಬೇಕು. ಇಪ್ಪತ್ತು ವರ್ಷದ ಹಿಂದಿನ ರಕ್ತವನ್ನು ಇವತ್ತು ಯಾವ ಸೂಜಿಯೂ ತೆಗೆಯಲಾರದು.

ಜೋಪಾನ ಮಾಡುವುದು ನಮ್ಮ ನಾಡಿಗೆ ಗೊತ್ತಿಲ್ಲದ್ದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತು. ಆ ರಿಜಿಸ್ಟರುಗಳು ಉಳಿದದ್ದರಿಂದಲೇ 1990ರ ದಶಕದಲ್ಲಿ ಸಂಶೋಧಕರು ಆ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್ 1995ರಿಂದ ದಾನಕ್ಕೆ ಬಂದ ಮೆದುಳುಗಳನ್ನು ಕಾಯುತ್ತಿದೆ. ಮನಸ್ಸಿದ್ದರೆ ಆಗುತ್ತದೆ.

ಸ್ವೀಡನ್ನಿನಂಥ ಸಿರಿವಂತ ದೇಶದಲ್ಲೂ ಮಾದರಿಗಳು ಹಾಳಾಗಿವೆಯಲ್ಲ ಎಂದು ನೆಪ ಹೇಳಬೇಡಿ. 2023ರ ಡಿಸೆಂಬರಿನಲ್ಲಿ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ದ್ರವ ಸಾರಜನಕದ ಪೂರೈಕೆ ನಿಂತು 16 ಶೈತ್ಯ ತೊಟ್ಟಿಗಳ ಮಾದರಿಗಳು, ದಶಕಗಳ ದುಡಿಮೆ, ಹಾಳಾದವು. ಅಲ್ಲಿ ಅದು ಜಗತ್ತಿಗೇ ಸುದ್ದಿಯಾಯಿತು. ಇಲ್ಲಿ ಹಾಡಿಯ ಕಿವಿಗೂ ಬೀಳುವುದಿಲ್ಲ.

ನಾವು ಕೇಳುವುದು ಇಷ್ಟು. ಯಾರ ಯಾರ ರಕ್ತ ಎಲ್ಲೆಲ್ಲಿದೆ ಎಂಬ ಪಟ್ಟಿ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ, ಹೆಸರಿನ ಬದಲು ಗುಟ್ಟಿನ ನಂಬರಿರಲಿ. ಪ್ರತಿ ಮಾದರಿಯ ಅರ್ಧ ಭಾಗ ಬೇರೊಂದು ಕಟ್ಟಡದಲ್ಲಿರಲಿ. ಕರೆಂಟು ಹೋದ ರಾತ್ರಿ ಜನರೇಟರ್ ಹಾಕಬೇಕಾದವರ ಹೆಸರು ಬಾಗಿಲ ಮೇಲಿರಲಿ. ಫ್ರೀಜರ್ ಕಾಯುವ ಖರ್ಚನ್ನು ಮೊದಲ ದಿನವೇ ತೆಗೆದಿಡದ ಯೋಜನೆಗೆ ನೈತಿಕ ಸಮಿತಿ ಒಪ್ಪಿಗೆ ಕೊಡಕೂಡದು. ಇಟ್ಟುಕೊಳ್ಳಲು ಆಗದಿದ್ದರೆ ಹಾಡಿಗೆ ಬನ್ನಿ, ಹೆಬ್ಬೆಟ್ಟು ಒತ್ತಿದವಳ ಎದುರು ಕೂತು ಹೇಳಿ, ಏನು ಮಾಡಬೇಕೆಂದು ಅವಳನ್ನೇ ಕೇಳಿ.