ಯಾವ ಸಿನಿಮಾದಿಂದ ಕದ್ದದ್ದು?

ಕನ್ನಡದಲ್ಲಿ ಕಳ್ಳತನದ ಕಥೆಯ ಥ್ರಿಲ್ಲರ್ ಒಂದು ಬಂದರೆ ಸಾಕು, ಬಹಳಷ್ಟು ವಿಮರ್ಶಕರ ಮೊದಲ ಪ್ರಶ್ನೆ "ಇದನ್ನ ಎಲ್ಲಿಂದ ಎತ್ತಿದ್ದಾರೆ?" ಅನ್ನೋದು. ತೆರೆ ಮೇಲಿರೋ ಕಳ್ಳರನ್ನ ಬಿಟ್ಟು ನಿರ್ದೇಶಕನ ಜೇಬು ತಡಕೋ ಪತ್ತೇದಾರಿಕೆ! ಮೊನ್ನೆ ಕತ್ರಿಗುಪ್ಪೆಯ ಕಾಮಾಕ್ಯ ಸ್ಟಾಪ್ ಹತ್ತಿರ ಕಾಫಿ ಕುಡೀತಾ ರೂಮ್‌ಮೇಟ್ ಜೊತೆ ಇದಕ್ಕೇ ಜಗಳ. ರೀಮೇಕ್ ಅಂದ್ಮೇಲೆ ವಿಮರ್ಶೆ ಯಾಕಪ್ಪಾ, ಮೂಲ ನೋಡಿದ್ರೆ ಆಯ್ತಲ್ಲ ಅಂತಾನೆ ಅವನು.

ನನ್ನ ತಕರಾರು ಅಲ್ಲೇ ಇರೋದು. 1960ರ 'ಓಷನ್ಸ್ ಇಲೆವೆನ್'ನಲ್ಲಿ ಫ್ರಾಂಕ್ ಸಿನಾತ್ರನ ಇಡೀ ಪಟಾಲಂ ಇದ್ರೂ ಸಿನಿಮಾ ಆಕಳಿಕೆ ತರಿಸುತ್ತೆ. 2001ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಉಳಿಸಿಕೊಂಡಿದ್ದು ಹನ್ನೊಂದು ಜನ, ಲಾಸ್ ವೇಗಸ್, ಕ್ಯಾಸಿನೋ ಅಷ್ಟೇ. ಕದಿಯೋ ಪ್ಲ್ಯಾನೇ ಬೇರೆ. ಈಗ ಆ ಹೆಸರು ಹೇಳಿದ್ರೆ ಜನಕ್ಕೆ ನೆನಪಾಗೋದು ಎರಡನೆಯದೇ.

ಉಲ್ಟಾ ಉದಾಹರಣೆ ನಮ್ಮಲ್ಲೇ ಇದೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014). ಇದು ಪೂರ್ತಿ ಕಳ್ಳತನದ ಸಿನಿಮಾ ಅಲ್ಲ, ಕ್ರೈಂ ಕಥೆ. ಬಂದಾಗ ಅರ್ಥ ಆಗ್ಲಿಲ್ಲ ಅಂದೋರೇ ಆಮೇಲೆ ತಲೆ ಮೇಲೆ ಹೊತ್ತು ಮೆರೆಸಿದ್ರು. 2017ರಲ್ಲಿ ನಿವಿನ್ ಪೌಲಿ ನಟಿಸಿ ತಮಿಳಿನಲ್ಲಿ 'ರಿಚ್ಚಿ' ಆಯ್ತು. ಕಥೆ ಹೋಯ್ತು, ಮಲ್ಪೆ ಹೋಗ್ಲಿಲ್ಲ. ಹುಲಿವೇಷ, ಅಷ್ಟಮಿ, ಆ ಉಡುಪಿ ಕನ್ನಡ ತೆಗೆದ್ರೆ ಉಳಿಯೋದೇನು? ಬೇರೆಯವರ ಕೋಡ್ ಎತ್ತಿ ಹಾಕಿದ್ರೆ ಕಂಪೈಲ್ ಆಗ್ಬಹುದು ಸ್ವಾಮಿ, ನಮ್ಮ ಸರ್ವರ್ ಮೇಲೆ ಓಡಬೇಕಲ್ಲ!

ಮೊದಲು ರೀಮೇಕಿಗೆ ಒಂದು ನೆಪವಾದ್ರೂ ಇತ್ತು. ಡಬ್ಬಿಂಗ್‌ಗೆ ಚಿತ್ರರಂಗದವರು ಬಿಡ್ತಿರಲಿಲ್ಲ, ಹಾಗಾಗಿ ಬೇರೆ ಭಾಷೆಯ ಕಥೆ ಕನ್ನಡದಲ್ಲಿ ನೋಡೋಕೆ ಅದೊಂದೇ ದಾರಿ. 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕ್ತು, 2017ರಲ್ಲಿ ಅಜಿತ್ ಸಿನಿಮಾ 'ಸತ್ಯದೇವ್ ಐಪಿಎಸ್' ಆಗಿ ಕನ್ನಡ ಮಾತಾಡ್ತು. ಈಗ ಭಾಷೆ ಬದಲಾಯಿಸೋ ಕೆಲಸ ಡಬ್ಬಿಂಗೇ ಮಾಡುತ್ತೆ. ಅಂದ್ರೆ ರೀಮೇಕ್ ಮಾಡೋನು ಬೇರೇನು ಬದಲಾಯಿಸಿದ ಅಂತ ವಿಮರ್ಶಕ ಕೇಳ್ಲೇಬೇಕು. 'ರೀಮೇಕ್' ಅಂತ ಮುದ್ರೆ ಒತ್ತಿ ಎರಡು ಸ್ಟಾರ್ ಕೊಟ್ರೆ ಅದು ಸೋಮಾರಿತನ.

ಸ್ವಂತ ಕಥೆ ಮಾಡಿದೋರ ಪಾಡೂ ಅಷ್ಟೇ. 2018ರ 'ಗುಲ್ಟೂ' ಡೇಟಾ ಕಳ್ಳತನದ ಸಿನಿಮಾ. ವಿಮರ್ಶಕರು ಮೆಚ್ಚಿದ್ರು, ನಿಜ. ಆದ್ರೆ ನಾನು ಓದಿದ ಒಂದರಲ್ಲೂ ಆ ಕಳ್ಳತನ ನಂಬೋ ಹಾಗಿದೆಯಾ ಅನ್ನೋ ಚರ್ಚೆ ಇಲ್ಲ. "ವಿಭಿನ್ನ ಪ್ರಯತ್ನ"ವಂತೆ! ಈ ಎರಡು ಪದ ಕಂಡ್ರೆ ನಂಗೆ ಮೈ ಉರಿಯುತ್ತೆ. ಪೊಲೀಸ್ ಠಾಣೆಯೊಳಗಿನ ಮಾಲೇ ಮಾಯವಾಗೋ 'ಬೆಲ್ ಬಾಟಂ' (2019) ಬಂದಾಗಲೂ ರೆಟ್ರೋ ಬಟ್ಟೆ ಬಗ್ಗೆ ಮಾತಾಡಿದಷ್ಟು ಕಳ್ಳತನದ ಬಗ್ಗೆ ಮಾತಾಡ್ಲಿಲ್ಲ.

ಇನ್ನು ಶಂಕರ್‌ನಾಗ್ ಅವರ 'ಮಿಂಚಿನ ಓಟ' (1980). ಕಾರು ಕಳ್ಳರು, ಜೈಲು, ಅಲ್ಲಿಂದ ತಪ್ಪಿಸ್ಕೊಳ್ಳೋ ಪ್ಲ್ಯಾನು. ರಾಜ್ಯ ಪ್ರಶಸ್ತಿಯೂ ಬಂತು. ಆದ್ರೆ ಅದರ ಬಗ್ಗೆ ಬರೆಯೋರೆಲ್ಲ "ಶಂಕರಣ್ಣನ ಮೊದಲ ನಿರ್ದೇಶನ" ಅಂತ ಕಣ್ಣೀರು ಹಾಕಿ ಮುಗಿಸ್ತಾರೆ. ಆ ಪ್ಲ್ಯಾನ್ ಸೀನ್‌ಗಳನ್ನ ಒಂದೊಂದಾಗಿ ಬಿಡಿಸಿ ಯಾರಾದ್ರೂ ಬರೆದಿದ್ರೆ ಕಾಮೆಂಟಿನಲ್ಲಿ ಲಿಂಕ್ ಹಾಕ್ರಪ್ಪಾ, ರೂಮ್‌ಮೇಟ್‌ಗೆ ತೋರಿಸ್ಬೇಕು.