ಊರಿನ ಹೋರಿ ಸುದ್ದಿಯಲ್ಲವೇ?

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮ್ಮನ್ನು ಮನೆಯವರು ಮೊದಲು ಕೇಳಿದ್ದು, 'ಟಿವಿಯಲ್ಲಿ ಯಾವಾಗ ಬರ್ತೀರಿ?' ಎಂದು. ಹಳ್ಳಿ ಸುದ್ದಿ ಬರೀತೀವಿ ಎಂದರೆ, 'ಇಲ್ಲಿ ಬರೆಯೋಕೆ ಏನೈತಿ?' ಎಂದು ನಕ್ಕರು. ಆಗೆಲ್ಲ ನಮಗೆ ನೆನಪಾಗುವವರು ಪಿ. ಸಾಯಿನಾಥ್.

ಸಾಯಿನಾಥ್ ಹಳ್ಳಿಯವರಲ್ಲ. 1957ರಲ್ಲಿ ಮದರಾಸಿನಲ್ಲಿ ಹುಟ್ಟಿದವರು, ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಅವರ ಮೊಮ್ಮಗ. ದೆಹಲಿಯಲ್ಲಿ ಇತಿಹಾಸ ಓದಿ, 1980ರಲ್ಲಿ ಯುಎನ್‌ಐ ಸುದ್ದಿಸಂಸ್ಥೆ ಸೇರಿ, ಆಮೇಲೆ ಮುಂಬೈನ 'ಬ್ಲಿಟ್ಜ್' ವಾರಪತ್ರಿಕೆಯಲ್ಲಿ ದೊಡ್ಡ ಹುದ್ದೆಗೇರಿದರು. 1993ರಲ್ಲಿ ಒಂದು ಫೆಲೋಶಿಪ್ ಸಿಕ್ಕಿತು. ಕುರ್ಚಿ ಬಿಟ್ಟು ದೇಶದ ಕಡುಬಡ ಜಿಲ್ಲೆಗಳ ಕಡೆ ಹೊರಟರು. ಸುಮಾರು 1 ಲಕ್ಷ ಕಿ.ಮೀ. ತಿರುಗಾಟ, ಅದರಲ್ಲಿ 5 ಸಾವಿರ ಕಿ.ಮೀ. ಕಾಲ್ನಡಿಗೆ. ಆ ವರದಿಗಳೇ 1996ರಲ್ಲಿ ಪುಸ್ತಕವಾದವು. ಜಿ.ಎನ್. ಮೋಹನ್ ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೆ ತಂದಿದ್ದಾರೆ.

ಅದರಲ್ಲಿ ಒಡಿಶಾದ ಒಂದು ಹೋರಿಯ ಕಥೆ ಇದೆ. ಖರಿಯಾರ್ ಎಂಬ ಒಳ್ಳೆಯ ನಾಟಿ ತಳಿ. ಜನರ ಹಾಲಿನ ಆದಾಯ ಹೆಚ್ಚಿಸುತ್ತೇವೆಂದು ಸರ್ಕಾರಿ ಯೋಜನೆ ಬಂತು. ಜರ್ಸಿ ತಳಿ ಕೆಡಬಾರದೆಂದು ಆ ಭಾಗದ ನಾಟಿ ಹೋರಿಗಳಿಗೆಲ್ಲ ಬೀಜ ಒಡೆಸಿದರು. ಹಸುಗಳಿಗೆ ಜರ್ಸಿ ಇಂಜೆಕ್ಷನ್ ಕೊಡಿಸಿದರು. ಎರಡು ವರ್ಷ ಕಳೆದ ಮೇಲೆ ಲೆಕ್ಕ ನೋಡಿದರೆ ಕರುಗಳು ಎಂಟು! ಹಾಲು ಹೆಚ್ಚಲಿಲ್ಲ, ಇದ್ದ ಹೋರಿಯೂ ಹೋಯಿತು. ದನ ಕಟ್ಟಿದ ಯಾರಿಗಾದರೂ ಇದು ಎಂಥ ನಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ರಾಜಧಾನಿಯ ಸುದ್ದಿಮನೆಗೆ ಹೋರಿ ಸುದ್ದಿಯೇ ಅಲ್ಲ.

ಮುಂದೆ 2004ರಿಂದ ಹತ್ತು ವರ್ಷ ಅವರು 'ದಿ ಹಿಂದೂ' ಪತ್ರಿಕೆಯ ಗ್ರಾಮೀಣ ಸಂಪಾದಕರಾಗಿದ್ದರು. 2006ರಲ್ಲಿ ಅವರು ಎತ್ತಿ ತೋರಿಸಿದ ಒಂದು ಲೆಕ್ಕ ನಮ್ಮ ತಲೆಯಿಂದ ಹೋಗುವುದಿಲ್ಲ. ಮುಂಬೈನ ಫ್ಯಾಷನ್ ವೀಕ್‌ಗೆ ಪಾಸ್ ಪಡೆದ ಪತ್ರಕರ್ತರು 512. ಆಗ ವಿದರ್ಭದಲ್ಲಿ ಹತ್ತಿ ರೈತರು ನೇಣಿಗೆ ಕೊರಳೊಡ್ಡುತ್ತಿದ್ದರು. ಅಲ್ಲಿದ್ದು ಬರೆಯುತ್ತಿದ್ದ ಹೊರಗಿನ ಪತ್ರಕರ್ತರು ಆರೇ ಮಂದಿ. ವೇದಿಕೆ ಮೇಲೆ ಮೆರೆದದ್ದು ಹತ್ತಿ ಬಟ್ಟೆಯೇ.

2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪದ್ಮಭೂಷಣ ಬೇಡವೆಂದರು. ಸರ್ಕಾರವನ್ನು ಪ್ರಶ್ನಿಸುವವರು ಅದರ ಕೈಯಿಂದ ಪದಕ ತೆಗೆದುಕೊಳ್ಳಬಾರದು ಎಂಬ ಮಾತು ನಮಗೂ ಒಪ್ಪಿಗೆ. 2014ರಲ್ಲಿ ಅವರು ಶುರುಮಾಡಿದ 'ಪರಿ' ಜಾಲತಾಣವನ್ನು ಮೊಬೈಲಿನಲ್ಲೇ ಕನ್ನಡದಲ್ಲಿ ಓದಬಹುದು, ದುಡ್ಡಿಲ್ಲದೆ.

ಆದರೂ ನಮ್ಮದೊಂದು ತಕರಾರಿದೆ. ಎಲ್ಲರೂ ಸಾಯಿನಾಥ್ ಆಗಿ ಎಂದು ಭಾಷಣ ಮಾಡುವುದು ಸುಲಭ. ಅವರ ಬೆನ್ನಿಗೆ ಫೆಲೋಶಿಪ್ ಇತ್ತು, ಇಂಗ್ಲಿಷ್ ಇತ್ತು, ದೊಡ್ಡ ಪತ್ರಿಕೆ ಇತ್ತು. ನಮ್ಮ ತಾಲ್ಲೂಕಿನ ವರದಿಗಾರನಿಗೆ ಸಂಬಳವೇ ಸರಿಯಾಗಿಲ್ಲ. ಮೇಲೆ ದೀಪಾವಳಿ, ಯುಗಾದಿ ಬಂದರೆ ಜಾಹೀರಾತು ತರಬೇಕು. ಯಾರ ಬಳಿ ಜಾಹೀರಾತು ಕೇಳಿದನೋ ಅವರ ಕೆರೆ ಒತ್ತುವರಿ ಬಗ್ಗೆ ನಾಳೆ ಹೇಗೆ ಬರೆದಾನು? ಜಿಲ್ಲಾ ಪುಟದಲ್ಲಿ ಹಾರ, ಶಾಲು, ಪೇಟ ತುಂಬಿರುವುದಕ್ಕೆ ಅವನೊಬ್ಬನನ್ನೇ ಬೈಯುವುದು ನ್ಯಾಯವಲ್ಲ. ಪತ್ರಿಕೆಗಳು ತಾಲ್ಲೂಕಿಗೊಬ್ಬ ಪೂರ್ತಿ ಸಂಬಳದ ವರದಿಗಾರನನ್ನು ಇಡಲಿ, ಜಾಹೀರಾತಿನ ಕೆಲಸ ಬೇರೆಯವರಿಗೆ ಕೊಡಲಿ. ಪ್ರಶಸ್ತಿ ಹಂಚುವ ಸಂಘಗಳೂ ಮೊದಲು ಇದನ್ನು ಕೇಳಲಿ.

ಮುಂದಿನ ವಾರ ನಾವು ನಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಹೋಗುತ್ತಿದ್ದೇವೆ. ನಿಮ್ಮೂರಲ್ಲಿ ನಾಟಿ ಹೋರಿ ಇನ್ನೂ ಎಷ್ಟು ಉಳಿದಿವೆ, ಒಂದು ಎಣಿಸಿ ಹೇಳ್ತೀರಾ?